ಅಕ್ಕನ ಗುರುವಾರ

ಅಕ್ಕ ತೀರಿಕೊಂಡ ಮೇಲೆ ಅವಳ ಗುರುವಾರದ ಒಪ್ಪತ್ತನ್ನು ನಾನು ಹಿಡಿದೆ. ಯಾರೂ ಹೇಳಿದ್ದಲ್ಲ. ಮದುವೆಯಾಗದ ನಾವಿಬ್ಬರು ಚಾಮರಾಜಪೇಟೆಯ ಒಂದು ಮಹಡಿ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಡಿಗೆಗಿದ್ದೆವು. ಗುರುವಾರ ಅವಳದು, ಶನಿವಾರ ನನ್ನದು. ಆ ದಿನ ಮಧ್ಯಾಹ್ನ ಮಾತ್ರ ಊಟ, ರಾತ್ರಿ ಅನ್ನ ಮುಟ್ಟುವಂತಿಲ್ಲ. ಅವಳು ನಡೆಸಿಕೊಂಡು ಬಂದದ್ದು ನಿಂತುಹೋಗಬಾರದು ಅನ್ನಿಸಿತ್ತು.

ಒಂದು ವರ್ಷದಲ್ಲಿ ನನ್ನ ತೂಕ ಒಂಬತ್ತು ಕೆಜಿ ಏರಿತು. ಬಲ ಮಂಡಿ ನೋಯತೊಡಗಿತು. ನಮ್ಮ ಮನೆಗೆ ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಶಾಲೆಯ ಆಫೀಸಿನ ಕೆಲಸ ಮುಗಿಸಿ ಬಂದವಳು ನಡುವೆ ಎರಡು ಸಲ ನಿಲ್ಲುತ್ತಿದ್ದೆ. ಅದನ್ನು ನೋಡಿದ ತಮ್ಮ, "ಅಕ್ಕ, ಈ ಮನೆ ಖಾಲಿ ಮಾಡ್ಬಿಡು. ನಮ್ಮನೆ ಹತ್ರ ಗ್ರೌಂಡ್ ಫ್ಲೋರ್ ಒಂದು ನೋಡಿದೀನಿ" ಅಂದ. ತೀರಿಕೊಂಡ ಅಕ್ಕ ಓಡಾಡಿದ ಮನೆ ಅಂತ ಉಳಿದಿರುವುದು ಇದೊಂದೇ. ಮೂರು ತಿಂಗಳು ಟೈಮ್ ಕೊಡು ಅಂದೆ.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ತೂಕ ಇಳಿಯದೆ ಮಂಡಿ ಸರಿಹೋಗುವುದಿಲ್ಲ ಅಂದರು.

"ನಾನು ತಿನ್ನೋದೇ ಕಮ್ಮಿ ಡಾಕ್ಟ್ರೇ. ವಾರಕ್ಕೆ ಎರಡು ದಿನ ರಾತ್ರಿ ಏನೂ ಇಲ್ಲ."

"ಏನೂ ಅಂದ್ರೆ ಏನೂ ಇಲ್ವಾ?"

"ಒಪ್ಪತ್ತು. ಬರೀ ಫಲಾಹಾರ."

"ಏನ್ ಮಾಡ್ಕೋತೀರ ಫಲಾಹಾರಕ್ಕೆ?"

"ಉಪ್ಪಿಟ್ಟು, ಇಲ್ಲಾಂದ್ರೆ ಗೊಜ್ಜವಲಕ್ಕಿ. ಎರಡು ಬಾಳೆಹಣ್ಣು. ಒಂದ್ ಲೋಟ ಹಾಲು. ನೈವೇದ್ಯಕ್ಕೆ ಮಾಡಿದ ಸಜ್ಜಿಗೆ ಇರುತ್ತಲ್ಲ, ಅದೊಂಚೂರು."

ಅವರು ನಕ್ಕು ಪೆನ್ನು ಕೆಳಗಿಟ್ಟರು. "ನಮ್ಮಮ್ಮಾನೂ ಹೀಗೇ ಉಪವಾಸ ಮಾಡೋದು. ಅವತ್ತೇ ಮನೇಲಿ ಬಾಣಲೆ ಒಲೆ ಮೇಲಿಂದ ಇಳಿಯಲ್ಲ."

ನಾನೂ ನಕ್ಕೆ. ಒಂದು ವಿಷಯ ಮಾತ್ರ ಹೇಳಲಿಲ್ಲ. ರವೆಯನ್ನು ಈಗಲೂ ಇಬ್ಬರಿಗೆ ಅಳೆಯುತ್ತಿದ್ದೆ. ಅರ್ಧ ಹಾಕಲು ಕೈ ಬರುತ್ತಿರಲಿಲ್ಲ. ಮಿಕ್ಕದ್ದನ್ನು ಚೆಲ್ಲಲಾರದೆ ನಾನೇ ತಿಂದು ಮುಗಿಸುತ್ತಿದ್ದೆ.

ಒಪ್ಪತ್ತು ಬಿಡುವುದಕ್ಕಿಂತ ನಡೆಯುವುದು ಸುಲಭ ಅಂದುಕೊಂಡೆ. ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಎಂಟು ಸುತ್ತು ಬಿರಬಿರನೆ ಹಾಕಿದೆ. ಸಂಜೆಗೆ ಮಂಡಿ ಊದಿ, ಮೂರು ದಿನ ರಜೆ ಹಾಕಬೇಕಾಯಿತು. ಕೆಳಗಿನ ಮನೆಯ ಓನರಮ್ಮ ಬಿಸಿನೀರಿನ ಚೀಲ ತಂದುಕೊಟ್ಟು, "ಏನ್ರೀ, ರೇಸಿಗೆ ಹೋಗಿದ್ರಾ? ವರ್ಷ ಪೂರ್ತಿ ತಿಂದಿದ್ದು ಒಂದು ಬೆಳಗ್ಗೆಗೆ ಕರಗುತ್ತಾ?" ಅಂದರು.

ಆಮೇಲೆ ಡಾಕ್ಟರ್ ಹೇಳಿದಂತೆ ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಧಾನವಾಗಿ ನಡೆದೆ. ಕುರ್ಚಿಯಲ್ಲಿ ಕೂತು ಕಾಲು ನೀಡಿ, ಹತ್ತು ಎಣಿಸಿ ಇಳಿಸುವ ವ್ಯಾಯಾಮ ಮಾಡಿದೆ. ತಟ್ಟೆಯಲ್ಲಿ ಅರ್ಧ ಪಲ್ಯ, ಕೋಸಂಬರಿ. ಉಳಿದರ್ಧದಲ್ಲಿ ಅನ್ನ, ಬೇಳೆ. ದಿನವೂ ಏಳೂವರೆಯೊಳಗೆ ಹಿತಮಿತವಾದ ರಾತ್ರಿ ಊಟ. ಶನಿವಾರದ ಒಪ್ಪತ್ತು ನನ್ನದೇ ಆದ್ದರಿಂದ ಬಿಟ್ಟೆ. ಗುರುವಾರವನ್ನು ಬಿಡಲಿಲ್ಲ. ತೂಕ ಒಂದು ಕೆಜಿ ಇಳಿದು ಅಲ್ಲೇ ನಿಂತಿತು.

ಎರಡು ತಿಂಗಳಾದಾಗ, ಗುರುವಾರ ತೀರಿಕೊಂಡ ಅಕ್ಕನದು, ಅದನ್ನು ಬಿಡಲಾರೆ ಅಂದೆ. ಡಾಕ್ಟರ್ ಕೇಳಿದರು: "ನಿಮ್ಮಕ್ಕ ಗುರುವಾರ ಯಾಕೆ ಹಿಡಿದಿದ್ರು?"

"ನನಗೆ ಆಪರೇಷನ್ ಆದಾಗ. ನಾನು ಹುಷಾರಾಗಲಿ ಅಂತ."

ಅವರು ಚೀಟಿಯನ್ನು ನನ್ನ ಕಡೆ ಸರಿಸಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನಾನು ಹುಷಾರಾದ ಮೇಲೂ ಅವಳು ಬಿಟ್ಟಿರಲಿಲ್ಲ. ಸುಮ್ಮನೆ ಅಭ್ಯಾಸವಾಗಿಬಿಟ್ಟಿತ್ತು. ನನ್ನ ಆರೋಗ್ಯಕ್ಕೆಂದು ಹಿಡಿದದ್ದು ಈಗ ನನ್ನ ಮಂಡಿಗೇ ಭಾರವಾಗಿತ್ತು.

ಮುಂದಿನ ಗುರುವಾರ ದೇವರಿಗೆ ದೀಪ ಹಚ್ಚಿದೆ, ಸಜ್ಜಿಗೆ ಮಾಡಲಿಲ್ಲ. ಕಲ್ಲುಸಕ್ಕರೆ ಇಟ್ಟು ಕೈಮುಗಿದೆ. ರಾತ್ರಿಗೆ ಒಂದು ಹಿಡಿ ಅಕ್ಕಿಯ ಅನ್ನ, ದಂಟಿನ ಸೊಪ್ಪಿನ ಸಾರು, ಬೀನ್ಸ್ ಪಲ್ಯ. ಮೊದಲ ತುತ್ತು ಬಾಯಲ್ಲೇ ಸ್ವಲ್ಪ ಹೊತ್ತು ಇತ್ತು.

ಕೊಟ್ಟ ಮೂರು ತಿಂಗಳು ಮುಗಿದ ವಾರ ತಮ್ಮ ಬಂದ. ಅವತ್ತೂ ಗುರುವಾರ. ಅಷ್ಟರಲ್ಲಿ ಮೂರು ಕೆಜಿ ಇಳಿದಿತ್ತು. ಕೆಳಗೆ ಗೇಟು ತೆಗೆಯಲು ಹೋದ ನಾನು ಅವನ ಮುಂದೆಯೇ ಮೆಟ್ಟಿಲು ಹತ್ತಿ ಬಂದೆ. ಮಂಡಿ ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಎಲ್ಲೂ ನಿಲ್ಲಲಿಲ್ಲ. ಅರ್ಧ ಉಂಡಿದ್ದ ನನ್ನ ತಟ್ಟೆಯನ್ನು ಅವನು ನೋಡಿದ.

"ಗುರುವಾರ ಅಲ್ವಾ ಇವತ್ತು? ಅನ್ನ ತಿಂತಿದೀಯ?"

"ತಿಂತಿದೀನಿ. ನಿನಗೂ ಹಾಕ್ಲಾ? ಸ್ವಲ್ಪಾನೇ ಇರೋದು."

"ಇರೋದನ್ನೇ ಹಾಕು" ಅಂತ ಕೈ ತೊಳೆದು ಕೂತ. ಗ್ರೌಂಡ್ ಫ್ಲೋರ್ ಮನೆಯ ಮಾತು ತೆಗೆಯಲಿಲ್ಲ.