ತಿರುಗಿ ನಡೆಯುವ ವಿದ್ಯೆ

ಚೆನ್ನೈಯ ಕೋಯಂಬೇಡು ತರಕಾರಿ ಮಾರುಕಟ್ಟೆಯಲ್ಲಿ ಬಾಯಿ ಜೋರಿದ್ದರೆ ಸಾಲದು, ತಿರುಗಿ ನಡೆಯಲು ಬರಬೇಕು. ಹೇಳಿದ ದರ ಒಪ್ಪಿಗೆಯಾಗದಿದ್ದರೆ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ನಿನ್ನ ಬದನೆಕಾಯಿ ಇಲ್ಲದಿದ್ದರೆ ನಮ್ಮ ಒಲೆ ಉರಿಯುವುದಿಲ್ಲವೇ ಎಂಬ ಮುಖ ಮಾಡಿ ಹೊರಟುಬಿಡಬೇಕು. ಕಾಲು ಮುಂದೆ, ಕಿವಿ ಹಿಂದೆ. ತುಸು ದೂರ ಹೋಗುವಷ್ಟರಲ್ಲಿ "ಅಮ್ಮಾ, ವಾಂಗ" ಎಂದು ಅವನೇ ಕರೆಯುತ್ತಾನೆ. ದೋಸೆ ಹಿಟ್ಟು ರುಬ್ಬಿ ವೆಸ್ಟ್ ಮಾಂಬಲಂನ ಅಂಗಡಿಗಳಿಗೆ ಹಾಕುವುದರಿಂದ ಶುರು ಮಾಡಿದವಳು ನಾನು. ಈಗ ಮದುವೆ, ಮುಂಜಿಗಳ ಅಡುಗೆ ಹಿಡಿಯುತ್ತೇನೆ. ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಾನು ಮಾತ್ರ ಕೇಳಿದವರಿಗೆಲ್ಲ ಹೇಳಿಕೊಡುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ನನ್ನ ಮೈದುನ ಕೇಳಿದ್ದ.

ಅವನು ಗಂಡನ ತಮ್ಮ, ನಮ್ಮ ಜೊತೆಯೇ ಇರುವವನು. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸ. ಹಣೆಯ ಮೇಲಿನ ಕೂದಲು ಹಿಂದೆ ಸರಿದಿದೆ, ಮದುವೆ ಇನ್ನೂ ಮುಂದೆ ಬಂದಿಲ್ಲ. ಹುಟ್ಟಿದ್ದು, ಓದಿದ್ದು ಇಲ್ಲೇ ಆದ್ದರಿಂದ ನಮ್ಮ ಉಡುಪಿ ಕಡೆಯ ಕನ್ನಡ ಅವನ ಬಾಯಲ್ಲಿ ಅರ್ಧ ದಾರಿಯಲ್ಲೇ ತಮಿಳಾಗುತ್ತದೆ. ನನ್ನನ್ನು ಅತ್ತಿಗೆ ಎನ್ನುವುದಿಲ್ಲ, ಇಲ್ಲಿಯವರ ಹಾಗೆ ಅಣ್ಣಿ ಎನ್ನುತ್ತಾನೆ. ಆಫೀಸಿನಲ್ಲಿ ಅವನನ್ನು ಕೇಳುವವರಿಲ್ಲ, ಮನೆಯಲ್ಲಿ ಅಣ್ಣನ ಎದುರು ಬಾಯಿಲ್ಲ. ಅವನಿಗೆ ಮರ್ಯಾದೆ ಇದ್ದದ್ದು ಫೋನಿನೊಳಗೆ ಮಾತ್ರ.

ಅದೊಂದು ಬಂದೂಕಿನ ಆಟ. ನಾಲ್ಕು ಜನರ ತಂಡ. ಒಬ್ಬ ಗುಂಡು ತಗುಲಿ ಬಿದ್ದರೆ ಜೊತೆಯವರು ಓಡಿಬಂದು ಎಬ್ಬಿಸಬೇಕು, ಬಾರದಿದ್ದರೆ ಸತ್ತ ಹಾಗೆ. ಆಡುವವರೆಲ್ಲ ಸೇರಿ ಹರಟುವ ಒಂದು ಗುಂಪೂ ಇತ್ತು. ಅದನ್ನು ಒಬ್ಬೊಬ್ಬರನ್ನೇ ಹುಡುಕಿ ತಂದು ಕಟ್ಟಿದವನು ಮೈದುನ. ಹೆಚ್ಚಿನವರು ಚೆನ್ನೈಯ ಕಾಲೇಜು ಹುಡುಗರು. ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದರು. ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಅವನು ಆ ಕರೆಯನ್ನು ಸಾರಿನ ಜೊತೆ ಕಲಸಿ ತಿನ್ನುತ್ತಿದ್ದ.

ಹರಟೆಯಲ್ಲಿ ಬಾರದ ವಿಷಯವಿಲ್ಲ. ಮೆಟ್ರೊಗೆಂದು ಅಗೆದ ರಸ್ತೆ, ಪೆಟ್ರೋಲಿನ ದರ, ಎಲ್ಲೋ ನಡೆಯುವ ಯುದ್ಧ, ಚುನಾವಣೆಗೆ ಯಾರು ಯಾರ ಕೈ ಹಿಡಿಯುತ್ತಾರೆ ಎಂಬುದು. ಮೀಸೆ ಸರಿಯಾಗಿ ಮೂಡದವರು ದೇಶ ನಡೆಸುವ ಬಗೆ ಹೇಳುತ್ತಿದ್ದರು. ಮೈದುನ ಎಲ್ಲರ ಮಾತೂ ಕೇಳಿ ಕೊನೆಯಲ್ಲಿ ತೀರ್ಪು ಕೊಡುವಂತೆ ಉದ್ದನೆಯದೊಂದನ್ನು ಬರೆಯುತ್ತಿದ್ದ. ಕೊಳ್ಳುವವನು ಯಾರೆಂದು ನೋಡದೆ ಸರಕು ಸುರಿಯಬೇಡ ಎಂದು ನಾನು ಆಗಲೇ ಹೇಳಿದ್ದೆ. ನಕ್ಕ.

ಆಮೇಲೆ ಕಾವೇರಿ ನೀರಿನ ಗಲಾಟೆ ಮತ್ತೆ ಸುದ್ದಿಗೆ ಬಂತು. ಟಿವಿಯಲ್ಲಿ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲಿ ನಿಂತಿದ್ದವು. ಇಂಥ ದಿನಗಳಲ್ಲಿ ಈ ಊರಿನ ಕನ್ನಡದವರಾದ ನಾವು ಏನು ಮಾಡುತ್ತೇವೆಂದರೆ, ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಫೋನಿನಲ್ಲಿ ಕನ್ನಡ ಆಡುವುದಿಲ್ಲ. ಯಾರಾದರೂ ಆ ಮಾತು ಎತ್ತಿದರೆ "ಮಳೆ ಬಂದರೆ ಎಲ್ಲ ಸರಿ ಹೋಗುತ್ತೆ" ಎಂದು ತಮಿಳಿನಲ್ಲಿ ಹೇಳಿ ಚಟ್ನಿ ಬಡಿಸುತ್ತೇವೆ. ಹೋಟೆಲು ನಡೆಸಿ ಬದುಕಿದ ಜನ ಹೀಗೆಯೇ ಬದುಕಿದ್ದು. ಮೈದುನ ಹೋಟೆಲಿನಲ್ಲಿ ಬೆಳೆದವನಲ್ಲ. ಎರಡೂ ಕಡೆ ರೈತರೇ ಇದ್ದಾರೆ, ಅಣೆಕಟ್ಟಿನಲ್ಲಿ ನೀರಿದ್ದರೆ ತಾನೇ ಬಿಡುವುದು ಎಂದು ಅಚ್ಚ ತಮಿಳಿನಲ್ಲಿ ಬರೆದುಬಿಟ್ಟ.

ಒಬ್ಬ ಹುಡುಗ ತಣ್ಣಗೆ ಕೇಳಿದ: "ಅಣ್ಣಾ, ನೀಂಗ ಎಂದ ಊರು?"

ಯಾವ ಊರು ಎಂಬ ಸಾದಾ ಪ್ರಶ್ನೆ. ವೆಸ್ಟ್ ಮಾಂಬಲಂ ಎಂದು ಹೇಳಿ ನಿಲ್ಲಿಸಬೇಕಿತ್ತು. ವೆಸ್ಟ್ ಮಾಂಬಲಂ, ಮನೆಯ ಮಾತು ಮಾತ್ರ ಕನ್ನಡ ಎಂದು ಬರೆದ. ಕೇಳದೇ ಇದ್ದ ಸತ್ಯವನ್ನು ತೂಕದ ಮೇಲೆ ಕೊಸರಾಗಿ ಹಾಕಿ ಕೊಟ್ಟ ಹಾಗೆ.

ಅಂದು ಸಂಜೆಯ ಆಟ ನಾನೂ ಕೇಳಿದೆ. ಅವನು ಹಜಾರದಲ್ಲಿ ಕೂತು ಆಡುತ್ತಿದ್ದ, ಹುಡುಗರ ಧ್ವನಿಗಳು ಫೋನಿನಿಂದ ಬರುತ್ತಿದ್ದವು. ಇವನು ಗುಂಡು ತಗುಲಿ ಬಿದ್ದ. ಎಬ್ಬಿಸಿ, ಎಬ್ಬಿಸಿ ಎಂದು ಕೂಗಿದ. ಒಬ್ಬ ಹುಡುಗ ಹೇಳಿದ, ಮೊದಲು ನಿಮ್ಮ ಡ್ಯಾಮು ತೆಗೆಯಿರಿ, ಆಮೇಲೆ ಬರುತ್ತೇವೆ. ಉಳಿದವರು ನಕ್ಕರು. ಆಟದೊಳಗೆ ಅವರು ಅವನ ಪಕ್ಕದಲ್ಲೇ ನಿಂತಿದ್ದರಂತೆ, ನಿಂತು ಅವನು ಸಾಯುವುದನ್ನು ನೋಡಿದರಂತೆ. ಆ ನಗು ನನಗೆ ಪರಿಚಯದ್ದು. ಲಾರಿ ತಡವಾಗಿ ಬಂದು ಟೊಮೆಟೊ ಕೊಳೆತ ವ್ಯಾಪಾರಿಯನ್ನು ನೋಡಿ ಪಕ್ಕದ ಅಂಗಡಿಯವರು ನಗುವ ನಗು.

ಮರುದಿನದಿಂದ ಅವನು ಅಣ್ಣ ಅಲ್ಲ, ಅಂಕಲ್ ಆದ. ಗುಡ್ ಮಾರ್ನಿಂಗ್ ಎಂದರೆ ನೀರಿಲ್ಲದ ಖಾಲಿ ಬಿಂದಿಗೆಯ ಚಿತ್ರ ಬರುತ್ತಿತ್ತು. ಅದನ್ನೂ ನುಂಗಿಕೊಂಡಿದ್ದ. ನುಂಗಲಾಗದ್ದು ಇನ್ನೊಂದು. ನಗರದ ತಂಡಗಳಿಗೆಲ್ಲ ಒಂದು ಪಂದ್ಯ ಬರುವುದಿತ್ತು, ದೊಡ್ಡ ಸಭಾಂಗಣದಲ್ಲಿ, ಪರದೆ ಹಾಕಿ, ಜನರ ಎದುರು. ತಂಡದ ಕ್ಯಾಪ್ಟನ್ ಆಗಿ ವೇದಿಕೆ ಹತ್ತುವುದು ಅವನ ಬಹುಕಾಲದ ಆಸೆ. ಹೆಸರು ಬರೆಸಿದ ಅಂಗಿಯನ್ನು ಆಗಲೇ ಹೊಲಿಸಿಟ್ಟಿದ್ದ. ಈಗ ಗುಂಪಿನಲ್ಲಿ ಹೊಸ ಮಾತು ಎದ್ದಿತು: ಅಂಕಲ್‌ನ ಬೆರಳು ನಿಧಾನ, ಅವರು ಬೇಕಾ? ಆ ಮಾತು ಎತ್ತಿದವನು ಮೈದುನನೇ ಕರೆತಂದು, ಆಟ ಕಲಿಸಿ, ಗುಂಪಿನ ಯಜಮಾನಿಕೆಯಲ್ಲಿ ಅರ್ಧ ಕೊಟ್ಟಿದ್ದ ಕಾಲೇಜು ಹುಡುಗ.

ಆಗ ಬಂದು ಕೇಳಿದ. ನಾನು ಹುರುಳಿಕಾಯಿ ಮುರಿಯುತ್ತಿದ್ದೆ.

"ಅಣ್ಣಿ, ಕಾಲಿಗೆ ಬೀಳಬೇಕಾ ಈಗ? ಇಲ್ಲಾ ಜಗಳ ಆಡಬೇಕಾ?"

"ಎರಡೂ ಬೇಡ ಮಾರಾಯ. ಹೊರಟೆ ಅಂತ ಹೇಳು. ನೀನು ಕಟ್ಟಿದ ಗುಂಪಲ್ವಾ? ಬೇಕಿದ್ರೆ ಕರೀತಾರೆ."

"ಕರೀದಿದ್ರೆ?"

"ಕರೀದಿದ್ರೆ ನಿನಗೆ ಅಲ್ಲಿ ಬೆಲೆ ಇಲ್ಲ ಅಂತ ಗೊತ್ತಾಗ್ತದೆ. ಅದೂ ಲಾಭವೇ."

ಗುಂಪಿಗೆ ಬರೆದದ್ದನ್ನು ಅವನು ಮೊದಲು ನನಗೆ ತೋರಿಸಲಿಲ್ಲ, ತೋರಿಸಿದ್ದರೆ ಮುಕ್ಕಾಲು ಅಳಿಸುತ್ತಿದ್ದೆ. ಇಷ್ಟು ವರ್ಷದ ಪ್ರೀತಿ, ಸಂಸಾರದ ಹಾಗಿದ್ದೆವು, ಮನಸ್ಸಿಗೆ ನೋವಾಗಿದೆ, ಭಾರವಾದ ಹೃದಯದಿಂದ ಹೊರಡುತ್ತಿದ್ದೇನೆ ಎಂದೆಲ್ಲ ಬರೆದಿದ್ದ. ತಿರುಗಿ ನಡೆಯುವವರು ಅಳುತ್ತ ನಡೆಯುತ್ತಾರೆಯೇ? ಅಳುವ ಗಿರಾಕಿಗೆ ವ್ಯಾಪಾರಿ ದರ ಇಳಿಸುವುದಿಲ್ಲ, ಏರಿಸುತ್ತಾನೆ. ಬರೆದು ಫೋನು ಎದುರಿಗಿಟ್ಟುಕೊಂಡು ಕೂತ. ತುಂಬ ಹೊತ್ತಿನ ಮೇಲೆ ಆ ಕಾಲೇಜು ಹುಡುಗನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಸರಿ, ಹೊರಡಿ ಎಂದು. ಅದರ ಹಿಂದೆಯೇ ಗುಂಪಿನಿಂದ ಅವನ ಹೆಸರನ್ನು ತೆಗೆದರು. ಹೊರಡುತ್ತೇನೆ ಎಂದವನಿಗೆ ಬಾಗಿಲು ತೆರೆದುಕೊಟ್ಟ ಹಾಗೆ, ಬಲು ಮರ್ಯಾದೆಯಿಂದ.

ನನ್ನ ಉಪಾಯ ಕೆಟ್ಟದ್ದೆಂದು ಗಂಡ ಹೇಳಿದರು. ಉಪಾಯ ಸರಿಯೇ ಇತ್ತು. ಕೋಯಂಬೇಡಿನ ವ್ಯಾಪಾರಿ ಕರೆಯುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಬಿಸಿಲೇರಿದರೆ ಸೊಪ್ಪು ಬಾಡುತ್ತದೆ ಎಂಬ ಹೆದರಿಕೆಯಿಂದ. ಹುಡುಗರ ಹತ್ತಿರ ಬಾಡುವ ಸರಕು ಏನಿತ್ತು? ಬಾಡುತ್ತಿದ್ದವನು ಇವನೊಬ್ಬನೇ. ಅದನ್ನು ಮೈದುನನ ಎದುರಿಗೇ ಹೇಳಿದೆ. ಊಟ ಬಿಟ್ಟು ಎದ್ದುಹೋದ. ಸಾರು ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ.

ಪಂದ್ಯ ಹತ್ತಿರ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಅವನ ಫೋನು ಹೊಡೆದುಕೊಂಡಿತು. ಕಾಲೇಜು ಹುಡುಗ. ತಂಡವನ್ನು ನೋಂದಾಯಿಸಿದ್ದು ಮೈದುನನ ನಂಬರಿನಲ್ಲಿ. ಆಟಗಾರರ ಹೆಸರು ಬದಲಿಸಬೇಕಾದರೆ ಈ ಫೋನಿಗೆ ಬರುವ ಓಟಿಪಿ ಬೇಕು, ಆ ದಿನವೇ ಬೇಕು, ಇಲ್ಲದಿದ್ದರೆ ತಂಡವೇ ಹೊರಗೆ. ಅದನ್ನೆಲ್ಲ ಹುಡುಗ ಸ್ಪೀಕರಿನಲ್ಲಿ ಒಂದೇ ಉಸಿರಿಗೆ ಹೇಳಿದ. ಮೊದಲ ಶಬ್ದ ಮಾತ್ರ "ಅಣ್ಣಾ" ಎಂದಿತ್ತು.

ನಾನು ಒದ್ದೆ ಕೈಯಲ್ಲೇ ಫೋನಿನ ಮೇಲೆ ಅಂಗೈ ಇಟ್ಟೆ.

"ಈಗ ಅವರ ಸೊಪ್ಪು ಬಾಡ್ತಾ ಉಂಟು. ಕ್ಯಾಪ್ಟನ್ ನೀನೇ ಅಂತ ಮೊದಲು ಅವನ ಬಾಯಲ್ಲಿ ಹೇಳ್ಸು. ಎಲ್ಲರೂ ಕೇಳೋ ಹಾಗೆ. ಆಮೇಲೆ ನಂಬರು."

ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ. ಓಟಿಪಿ ಬಂತು. ಒಂದೊಂದೇ ಅಂಕಿಯನ್ನು, ಮಗುವಿಗೆ ಪಾಠ ಹೇಳುವವನಂತೆ, ಬಿಡಿಸಿ ಬಿಡಿಸಿ ಓದಿದ. ಕೇಳಿಸಿತಾ ಎಂದು ಇನ್ನೊಮ್ಮೆ ಓದಿದ. ಚೆನ್ನಾಗಿ ಆಡಿ ಎಂದು ಹೇಳಲು ಬಾಯಿ ತೆರೆದಿದ್ದ.

"ಥ್ಯಾಂಕ್ಸ್ ಅಂಕಲ್" ಎಂದು ಹುಡುಗ ಇಟ್ಟುಬಿಟ್ಟ.

ಕೈಯಲ್ಲಿದ್ದ ಒಂದೇ ಸರಕನ್ನು ಪುಕ್ಕಟೆ ಕೊಟ್ಟುಬಿಟ್ಟೆಯಲ್ಲ ಎಂದು ಬೈದೆ. ಮೊದಲು ಅಣ್ಣಾ ಅಂದ, ಕೇಳಿದಿರಿ ತಾನೇ ಎಂದು ಅವನು ಕೇಳಿದ. ಅವನ ಮುಖದಲ್ಲಿ ಸಂತೋಷವಿತ್ತು. ಬಡಿಯಬೇಕೆನ್ನಿಸುವಂಥ ಸಂತೋಷ.

ಪಂದ್ಯ ಗೆದ್ದರು. ವೇದಿಕೆಯ ಮೇಲೆ ಹುಡುಗರು ತಬ್ಬಿಕೊಂಡ ಚಿತ್ರವನ್ನು ಎಲ್ಲರಿಗೂ ಕಾಣುವ ಪುಟದಲ್ಲಿ ಹಾಕಿದ್ದರು. ಅದರ ಕೆಳಗೆ ನೂರಾರು ಜನರ ನಡುವೆ ಮೈದುನನೂ ಬರೆದಿದ್ದ, ನನ್ನ ತಮ್ಮಂದಿರೇ, ಹೆಮ್ಮೆಯಾಗುತ್ತಿದೆ ಎಂದು. ಯಾರೋ ಹೊಸಬ ಕೇಳಿದ್ದ, ಇದು ಯಾರು? ಕಾಲೇಜು ಹುಡುಗ ಉತ್ತರಿಸಿದ್ದ, ಒಂದೇ ಶಬ್ದ: "ತೆರಿಯಲ." ಗೊತ್ತಿಲ್ಲ.

ಮೈದುನ ಅದನ್ನು ತಂದು ನನಗೆ ತೋರಿಸಿದ. ಏನಾದರೂ ಮಾಡಿ ಅಣ್ಣಿ ಎಂಬಂತೆ ಫೋನನ್ನು ನನ್ನ ಕೈಯಲ್ಲಿಟ್ಟು ನಿಂತ. ನಾನು ಓದಿದೆ.

"ಹುಡುಗ ಸುಳ್ಳು ಹೇಳಿಲ್ಲ," ಎಂದೆ. "ನೀನು ಯಾರು ಅಂತ ಅವನಿಗೆ ಯಾವತ್ತು ಗೊತ್ತಿತ್ತು?"

ಅವನು ಫೋನು ವಾಪಸು ತೆಗೆದುಕೊಂಡು, ಅಲ್ಲಿಯೇ ನಿಂತು, ಆ ಉತ್ತರದ ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿದ.