ರಸೀದಿಯಲ್ಲಿ ಬರೆದ ಕಣ್ಣು

ನಾನು ವಾಡಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದಾಗಿನ ಮಾತು. ಸೇಡಂ ಕಡೆಯ ವಿಜ್ಞಾನಿಯೊಬ್ಬರು ಮುಂಬಯಿಗೆ ಕಳಿಸಲು ಕಪ್ಪು ಬಟ್ಟೆ ಸುತ್ತಿದ ಪೆಟ್ಟಿಗೆ ತಂದರು. ಬಿಚ್ಚಿ ನೋಡದೆ ರಸೀದಿ ಕೊಟ್ಟರೆ ನನ್ನ ನೌಕರಿಗೇ ಕುತ್ತು.

“ಒಳಗೇನದರೀ?”

“ಕಣ್ಣು. ಬಿಚ್ಚಬ್ಯಾಡ್ರಿ, ಬಿಸಿಲು ಬಿದ್ದರ ಕೆಡ್ತದ.”

ನಾನು ಪೆಟ್ಟಿಗೆಯಿಂದ ಕೈ ಹಿಂದೆಗೆದೆ. “ಯಾರದ್ರೀ?”

“ಗಾಜಿಂದರೀ! ಸಮುದ್ರದ ತಳಕ್ಕ ಇಳಸ್ತೀವಿ. ಆಕಾಶದಿಂದ ಬರೋ ನ್ಯೂಟ್ರಿನೊ ಅನ್ನೋ ಕಣ ನೀರಿಗೆ ಬಡದರ ಬೆಳಕು ಮಿನುಗ್ತದ. ಅದನ್ನ ನೋಡಿ, ಎಲ್ಲಿಂದ ಬಂತು ಅಂತ ಹುಡುಕ್ತೀವಿ.”

ಪ್ರತಿಷ್ಠೆಯ ತನಕ ನಮ್ಮೂರ ದೇವಿಯ ಕಣ್ಣಿಗೂ ಬಟ್ಟೆ ಕಟ್ಟಿರುತ್ತಾರೆ. ಮೊದಲೇ ಬಿಚ್ಚುವ ಧೈರ್ಯ ಯಾರಿಗೂ ಇಲ್ಲ. ನನಗೂ ಕೈ ಬರಲಿಲ್ಲ. ಶಿವನ ಮೇಲೆ ಭಾರ ಹಾಕಿ, ‘ಕಣ್ಣು, ಒಂದು’ ಎಂದು ರಸೀದಿ ಬರೆದೆ.

ತಿಂಗಳುಗಟ್ಟಲೆ ಮೇಲಿನ ಸಾಹೇಬರ ಪತ್ರಕ್ಕೆ ಹೆದರುತ್ತ ಕೂತೆ. ಕಡೆಗೂ ಬಂತು. ಬಿಚ್ಚಿ ನೋಡಿದೆಯಾ ಎಂದು ಕೇಳಿರಲಿಲ್ಲ. ‘ಇನ್ನೊಂದು ಕಣ್ಣು ಎಲ್ಲಿ ಕಳೆಯಿತು?’ ಎಂದು ಕೇಳಿದ್ದರು.