ಎಡಗೈಗೆ ಕೆಲಸವೇ ಇಲ್ಲ ಅಂದುಕೊಂಡಿದ್ದೆ

ಹೃದಯದ ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿದಾಗ ನನಗೆ ಸಾವಿನ ಭಯವಾಗಲಿಲ್ಲ, ತಮ್ಮನ ಭಯವಾಯಿತು. ಟೀಚರ್ ಕೆಲಸದಿಂದ ನಿವೃತ್ತಳಾಗಿ ಹರಪನಹಳ್ಳಿಯಲ್ಲಿ ಒಬ್ಬಳೇ ಇರುವ ನನ್ನನ್ನು ಹಿರೇಹಡಗಲಿಗೆ, ತನ್ನ ಮನೆಗೆ, ಸಾಗಿಸಲು ಅವನು ನೆಪ ಹುಡುಕುತ್ತಲೇ ಇದ್ದ. "ನನ್ನ ರೊಟ್ಟಿ ನಾ ಬಡಕೊಳ್ಳಾಕ ಆಗದ ದಿನ ಬರ್ತೀನಿ, ಅಲ್ಲೀತನಕ ಬಾಯಿ ಮುಚ್ಚು" ಎಂದು ಗದರಿಸಿ ಇಟ್ಟಿದ್ದೆ. ಹಾಗಾಗಿ ಅವನಿಗೆ ಹೇಳದೆ ಒಬ್ಬಳೇ ಬಸ್ ಹತ್ತಿ ಆಸ್ಪತ್ರೆಗೆ ಬಂದಿದ್ದೆ.

"ಜೊತೆಗೆ ಯಾರ್ ಬಂದಿದಾರಮ್ಮಾ?" ಎಂದರು ಡಾಕ್ಟರು.

"ಯಾರೂ ಇಲ್ಲ. ಯಾಕ, ನಾ ಒಬ್ಬಾಕಿ ಸಾಲಂಗಿಲ್ಲೇನ್ರಿ?"

ಪಾಪ, ಹುಡುಗ ವಯಸ್ಸಿನವರು, ನಕ್ಕರು. ತೊಡೆಸಂದಿಯಿಂದ ನಳಿಕೆ ಹಾಕಿದರೆ ಕಾಲು ಅಲ್ಲಾಡಿಸದೆ ಮಲಗಬೇಕು, ಎಲ್ಲದಕ್ಕೂ ಒಬ್ಬರು ಬೇಕು. ಕೈಯಿಂದ ಹಾಕಿದರೆ ಬೇಗ ಎದ್ದು ಕೂರಬಹುದು ಎಂದರು. ಹಾಗಾದರೆ ಕೈಯೇ ಸರಿ ಎಂದೆ. ಸಾಮಾನ್ಯವಾಗಿ ಬಲಗೈ ಮಣಿಕಟ್ಟಿನಿಂದ ಹಾಕುತ್ತೇವೆ ಅಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಬಲಗೈ ಮುಟ್ಟಬ್ಯಾಡ್ರಿ ಡಾಕ್ಟ್ರೇ, ಅದು ರೊಟ್ಟಿ ಬಡಿಯೋ ಕೈ. ಎಡಗೈ ತಗೋರಿ, ಅದು ಸುಮ್ನ ಕುಂತಿರತೈತಿ."

ಅವರು ನನ್ನ ಎಡಗೈ ಹಿಡಿದು, ಹೆಬ್ಬೆರಳ ಬುಡದಲ್ಲಿ ಹಿಂಬದಿಯ ತಗ್ಗನ್ನು ಒತ್ತಿ ನೋಡಿದರು. ಅಲ್ಲೂ ನಾಡಿ ಮಿಡಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ನಾಳ ಸಣ್ಣದು, ಸೂಜಿ ಸೇರಿಸುವುದು ಕಷ್ಟ. ಆದರೆ ರಕ್ತ ಬೇಗ ನಿಲ್ಲುತ್ತದೆ, ಮಣಿಕಟ್ಟಿನ ನಾಡಿಗೂ ತೊಂದರೆ ಕಡಿಮೆ ಎಂದರು. ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದೆ. ಅಲ್ಲಿಂದಲೇ ನಳಿಕೆ ಏರಿಸಿ ಸ್ಟೆಂಟ್ ಹಾಕಿದರು. ಅಷ್ಟು ಹೊತ್ತು ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ!

"ಒಂದು ವಾರ ಎಡಗೈ ಮೇಲೆ ಭಾರ ಹಾಕಬೇಡಿ" ಎಂದು ಹೇಳಿ ಕಳಿಸಿದರು. ಹೂಂ ಅಂದೆ. ಎಡಗೈಗೆ ಎಂಥ ಭಾರ?

ಮನೆಗೆ ಬಂದ ಮಾರನೆಯ ದಿನ ಜೋಳದ ಹಿಟ್ಟು ಹಾಕಿಕೊಂಡು ಕೂತೆ. ನಾದಲು ಹೋದರೆ ಒಂದು ಕೈಗೆ ಹಿಟ್ಟು ಬಗ್ಗಲಿಲ್ಲ. ಬಡಿದರೆ ರೊಟ್ಟಿ ತಿರುಗಲೇ ಇಲ್ಲ, ಅಂಚು ಸೀಳಿತು. ಅಯ್ಯೋ ನನ್ನ ಬುದ್ಧಿಯೇ! ಇಷ್ಟು ವರ್ಷ ಬಲಗೈ ಬಡಿಯುವಾಗ ಅಂಚು ಕಾಯ್ದು ರೊಟ್ಟಿ ತಿರುಗಿಸುತ್ತಿದ್ದುದು ಎಡಗೈ. ಸಿಟ್ಟಿನಲ್ಲಿ ಎರಡೂ ಕೈ ಊರಿ ನಾದಿದೆ. ಸಂಜೆಗೆ ಹೆಬ್ಬೆರಳ ಬುಡ ನೀಲಿಗಟ್ಟಿ ಬಾತುಕೊಂಡಿತು. ನೀರು ಕಾಯಿಸಲೂ ಮನಸ್ಸಾಗದೆ ಮಂಡಕ್ಕಿ ತಿಂದು ಕೂತೆ.

ಅಷ್ಟರಲ್ಲಿ ಹೇಗೋ ಸುದ್ದಿ ಮುಟ್ಟಿ ತಮ್ಮ ಫೋನ್ ಮಾಡಿದ.

"ಅಕ್ಕಾ, ಒಬ್ಬಾಕೀನ ಹೋಗಿ ಮಾಡಿಸ್ಕೊಂಡು ಬಂದೀಯಂತಲ್ಲ! ಬರ್ಲೇನು ಕರಕೊಂಡು ಹೋಗಾಕ?"

"ಬರಬ್ಯಾಡ. ಅರಾಮದೀನಿ. ರೊಟ್ಟಿ ಬಡಿಯಾಕತ್ತೀನಿ."

"ಖರೇನ?"

"ಖರೇನ. ಇಡು ಫೋನು."

ಬೇಡ ಎಂದರೂ ಬರುತ್ತಾನೆ ಎಂದು ಗೊತ್ತಿತ್ತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡೆ, ಒಂದೇ ಕೈಯಲ್ಲಿ ಎರಡು ಸೀರೆ ಚೀಲಕ್ಕೆ ತುರುಕಿದೆ. ಹಿರೇಹಡಗಲಿ ಬಸ್ ಬರುವ ಹೊತ್ತಿಗೆಲ್ಲ ಬಾಗಿಲಲ್ಲಿ ನಿಂತೆ. ಮರುದಿನವೂ ನಿಂತೆ. ಹುಟ್ಟಿದಾಗಿನಿಂದ ಒಮ್ಮೆಯೂ ನನ್ನ ಮಾತು ಕೇಳದವನು ಈ ಸಲ ಕೇಳಿದ. ಬರಲಿಲ್ಲ.